ಬೆಲ್ಲದ ರುಚಿ ನಾಲಿಗೆಗೋ, ಕಣ್ಣಿಗೋ?

ಮಾನ್ಯ ಸಂಪಾದಕರೇ,

'ರುಚಿ, ಚಂದ ಎಲ್ಲಾ ಅವರವರ ಇಷ್ಟ, ಅದರಲ್ಲಿ ಸರಿ ತಪ್ಪು ಇಲ್ಲ' ಎಂದು ಓದುಗರೊಬ್ಬರು ಕಳೆದ ವಾರ ಬರೆದಿದ್ದರು. ನಾನು ಆಲೆಮನೆ ನಡೆಸುವವನು, ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವವನು. ಆ ಮಾತು ಇನ್ನೂ ಹದಕ್ಕೆ ಬಂದಿಲ್ಲ ಅನ್ನಿಸಿತು.

ನಮ್ಮಪ್ಪ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು. 'ಇನ್ನೊಂದು ಕುದಿ ಬರಲಿ' ಅನ್ನುತ್ತಿದ್ದರು. ನನಗೋ ಎಲ್ಲಾ ಉಂಡೆಯೂ ಒಂದೇ. ಐದಾರು ಹಂಗಾಮು ಕಳೆದ ಮೇಲೆ ಕೈಗೆ ತಿಳಿಯಿತು. ಈಗ ಒಂದು ಚೂರು ಬಾಯಿಗಿಟ್ಟರೆ ತಳ ಹಿಡಿದಿದೆಯೋ, ಕೊಳೆ ತೆಗೆಯಲು ಹಾಕುವ ಸುಣ್ಣ ಜಾಸ್ತಿಯಾಗಿದೆಯೋ ಹೇಳಬಲ್ಲೆ. ಇದು ನನ್ನ ಇಷ್ಟವೇ? ಬೆಲ್ಲದಲ್ಲಿ ಇರೋದನ್ನೇ ತಾನೇ ಹೇಳುತ್ತಿರುವುದು?

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಫಿಲಾಸಫಿ ಓದಿದವನು ನಾನು. (ಓದಿ ಏನು ಬಂತು ಅಂತ ಮನೆಯಲ್ಲಿ ಈಗಲೂ ಕೇಳುತ್ತಾರೆ.) ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿ ರುಚಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಒಂದು ಹಳೇ ಕಥೆ ಹೇಳುತ್ತಾನೆ. ಇಬ್ಬರು ಒಂದೇ ಪೀಪಾಯಿಯ ದ್ರಾಕ್ಷಾರಸ ಕುಡಿದರು. ಒಳ್ಳೇದೇ, ಆದರೆ ಚರ್ಮದ ವಾಸನೆ ಅಂದ ಒಬ್ಬ. ಕಬ್ಬಿಣದ ರುಚಿ ಅಂದ ಇನ್ನೊಬ್ಬ. ಜನ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ಸಿಕ್ಕಿದ್ದು ಚರ್ಮದ ಪಟ್ಟಿ ಕಟ್ಟಿದ ಹಳೇ ಬೀಗದಕೈ! ನಮ್ಮಪ್ಪ ಹ್ಯೂಮ್‌ನ ಹೆಸರು ಕೇಳಿದವರಲ್ಲ. ಈ ಕಥೆ ಹೇಳಿದಾಗ ಮಾತ್ರ 'ಮತ್ತೆ, ನಾಲಿಗೆ ಸುಳ್ಳಾಡ್ತದಾ?' ಅಂದರು.

ಸುಳ್ಳಾಡುವುದು ಕಣ್ಣು. ಗಿರಾಕಿಗೆ ಚಿನ್ನದ ಬಣ್ಣದ ಬೆಲ್ಲವೇ ಬೇಕು. ಅದಕ್ಕಾಗಿ ಕೆಲವರು ಕೊಪ್ಪರಿಗೆಗೆ ಹೈಡ್ರೋಸ್ ಸುರಿಯುತ್ತಾರೆ, ಬಟ್ಟೆಗೆ ಬಣ್ಣ ಹಾಕುವ ಕಡೆ ಬಳಸುವ ಪುಡಿ ಅದು. ನಮ್ಮ ಕಂದು ಬೆಲ್ಲವನ್ನು ಯಾರೂ ಬಾಯಿಗೇ ಇಡುವುದಿಲ್ಲ, ನೋಡಿಯೇ ಬೆಲೆ ಇಳಿಸುತ್ತಾರೆ. ಇದನ್ನೂ 'ಅವರವರ ಇಷ್ಟ' ಅಂತ ಬಿಡಬೇಕೇ?

ಇನ್ನೊಂದು ವಿಷಯ. ಭರತಮುನಿ ನಾಟಕದ ಬಗೆಗಿನ ಹಳೇ ಗ್ರಂಥ ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ, ನಾಟಕ ನೋಡುವವರು ಸವಿಯುವ ರಸ ಅಂದರೇನು ಎಂದು ವಿವರಿಸಲು ಅಡುಗೆಮನೆಗೇ ಹೋಗುತ್ತಾನೆ. ಬೆಲ್ಲ, ಮಸಾಲೆ ಎಲ್ಲಾ ಸೇರಿ ಹೊಸದೊಂದು ರುಚಿ ಹುಟ್ಟುವ ಹಾಗೆ, ಭಾವಗಳು ಕೂಡಿ ರಸವಾಗುತ್ತವೆ ಅನ್ನುತ್ತಾನೆ. ಬೆಲ್ಲದ ಹೆಸರು ನೋಡಿ ಕ್ಲಾಸಿನಲ್ಲಿ ನಾನು ಹಿಗ್ಗಿದ್ದು ನಿಜ! ಅವನ ಲೆಕ್ಕದಲ್ಲಿ ರಸ ಎಂಟು. ಶೋಕ ಅನ್ನುವ ಭಾವದಿಂದ ಹುಟ್ಟುವುದು ಕರುಣ ರಸ. ಮನೆಯ ದುಃಖ ಯಾರಿಗೂ ಬೇಡ, ರಂಗದ ದುಃಖಕ್ಕೆ ಮಾತ್ರ ಚಾಪೆ ಹಾಸಿಕೊಂಡು ಕೂರುತ್ತೇವೆ.

ನಮ್ಮೂರ ಹಬ್ಬದಲ್ಲಿ ಕುರುಕ್ಷೇತ್ರ ನಾಟಕ ಆಡಿದರು. ಬೆಳಗಿನ ಜಾವ ಕರ್ಣ ಬಿದ್ದ. ಪಕ್ಕದಲ್ಲಿದ್ದ ಅಜ್ಜ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಲೇ 'ಕೊನೇ ಸಾಲಲ್ಲಿ ಶ್ರುತಿ ಬಿಟ್ಟ ಕಣಪ್ಪ' ಅಂದರು. ಅಷ್ಟರಲ್ಲಿ ಜನ 'ಒನ್ಸ್ ಮೋರ್' ಅಂತ ಕೂಗಿದರು. ಹಾರ್ಮೋನಿಯಂ ಮೇಷ್ಟ್ರು ಮತ್ತೆ ತಿದಿ ಒತ್ತಿದರು. ಸತ್ತ ಕರ್ಣ ಎದ್ದು ಕೂತು ಅದೇ ಹಾಡು ಹೇಳಿದ. ಈ ಸಲ ಶ್ರುತಿ ಬಿಡಲಿಲ್ಲ. ಅಜ್ಜ ಇನ್ನೂ ಜಾಸ್ತಿ ಅತ್ತರು.

ಇಂತಿ,
ಆಲೆಮನೆಯವನೊಬ್ಬ, ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ