ಪ್ರೂಫ್ ಕಳಿಸುವ ಕ್ರಮ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಮುದ್ರಣಾಲಯಕ್ಕೆ ನೀವು ಬರೆಯುವ ಪ್ರತಿ ಇ-ಮೇಲ್‌ನ ವಿಷಯದ ಸಾಲಿನಲ್ಲಿ, ನಿಮ್ಮ ಕೆಲಸಕ್ಕೆ ನಾವು ಕೊಟ್ಟಿರುವ ಜಾಬ್ ನಂಬರ್ ಇರಲಿ (ಹೊಸ ಕೆಲಸದ ಮೊದಲ ಮೇಲ್‌ಗೆ ಬೇಡ). ನಮ್ಮ ಮೇಲ್‌ಗೆ ಉತ್ತರಿಸುವಾಗ ‘ರಿಪ್ಲೈ’ ಬದಲು ‘ರಿಪ್ಲೈ ಆಲ್’ ಒತ್ತಿ. ಕೇಳುತ್ತಿರುವುದು ಇಷ್ಟೇ. ಕಾರಣ ಹೇಳದೆ ಕೇಳಿದರೆ ದರ್ಪದಂತೆ ಕಂಡೀತು, ಅದಕ್ಕೇ ಈ ಪತ್ರ.

ಕಳೆದ ಬೇಸಿಗೆಯಲ್ಲಿ ಹಿರಿಯರೊಬ್ಬರ ಕವನ ಸಂಕಲನ ನಮ್ಮಲ್ಲಿ ಅಚ್ಚಾಗುತ್ತಿತ್ತು. ಮೂರನೇ ಪ್ರೂಫ್‌ನ, ಅಂದರೆ ತಿದ್ದಲು ಕೊಡುವ ಕರಡು ಅಚ್ಚಿನ, ತಿದ್ದುಪಡಿಗಳನ್ನು ಅವರು ಹೊತ್ತಿಗೆ ಸರಿಯಾಗಿಯೇ ಕಳಿಸಿದ್ದರು. ಆದರೆ ‘ಮುಖಪುಟದ ಬಣ್ಣ’ ಎಂಬ ಹಳೆಯ ಮೇಲ್‌ಗೆ ಉತ್ತರವಾಗಿ ಬರೆದಿದ್ದರು. ಮುಖಪುಟ ಮುಗಿದು ವಾರವಾಗಿದೆ, ಇನ್ನೇನಿರುತ್ತದೆ ಎಂದು ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ನಮ್ಮ ಡಿಟಿಪಿ ಮೇಜಿನವರು ಅದನ್ನು ತೆರೆಯಲಿಲ್ಲ. ಫಾರಂಗಳು, ಅಂದರೆ ಹಲವು ಪುಟ ಒಟ್ಟಿಗೆ ಅಚ್ಚಾದ ದೊಡ್ಡ ಹಾಳೆಗಳು, ಮಡಿಕೆಯಾಗಿ ಬೈಂಡಿಂಗ್ ಮೇಜಿಗೆ ಬಂದ ದಿನ ಕವಿಗಳು ಒಂದನ್ನು ಕೈಗೆತ್ತಿಕೊಂಡು ಅರ್ಪಣೆಯ ಪುಟ ತೆರೆದರು. ಸುಮ್ಮನಾದರು. ಅವರ ತಾಯಿಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಹದಿನಾರು ಪುಟದ ಮೊದಲ ಫಾರಂ ಪೂರ್ತಿ ಮತ್ತೆ ಅಚ್ಚು ಹಾಕಿದೆವು. ಕಾಗದದ ಖರ್ಚು ನಮ್ಮದು, ಅದಿರಲಿ. ಅವರು ಒಂದು ಮಾತೂ ಬೈಯದೆ ಹೋದದ್ದು ನನಗೆ ಇಂದಿಗೂ ಮರೆತಿಲ್ಲ.

ಮೂಲ ತೊಂದರೆ ನಮ್ಮದೇ. ಕೆಲಸದ ಲೆಕ್ಕ ಕೆಂಪು ರಟ್ಟಿನ ಜಾಬ್ ರಿಜಿಸ್ಟರಿನಲ್ಲಿ, ತಿದ್ದುಪಡಿ ಇ-ಮೇಲ್‌ನಲ್ಲಿ, ಫೋಟೋ ವಾಟ್ಸ್ಆ್ಯಪ್‌ನಲ್ಲಿ, ಕೊಡಬೇಕಾದ ತಾರೀಖು ನನ್ನ ತಲೆಯಲ್ಲಿ. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಗಳ ಡೈರಿ ಒಟ್ಟಿಗೆ ಬಂದಾಗ ಆ ತಲೆಯ ಮೇಲೆ ಭರವಸೆ ಇಡುವುದು ತಪ್ಪು.

ಆದ್ದರಿಂದ ಟ್ರೆಲ್ಲೋ ಎಂಬ ತಂತ್ರಾಂಶ ತಂದೆವು. ಗೋಡೆಗೆ ಹಲಗೆ ಹಾಕಿ ಚೀಟಿ ಅಂಟಿಸಿದ ಹಾಗೆ ಅದು: ‘ಡಿಟಿಪಿ’, ‘ಪ್ರೂಫ್ ಹೋಗಿದೆ’, ‘ಒಪ್ಪಿಗೆ ಬಂದಿದೆ’, ‘ಪ್ಲೇಟ್’, ‘ಬೈಂಡಿಂಗ್’ ಎಂಬ ಕಂಬಗಳು, ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡು. ಆ ಹಲಗೆಗೂ ಒಂದು ಇ-ಮೇಲ್ ವಿಳಾಸವಿರುತ್ತದೆ. ಅಲ್ಲಿಗೆ ಮೇಲ್ ಹೋದರೆ ವಿಷಯದ ಸಾಲು ಕಾರ್ಡಿನ ಹೆಸರಾಗುತ್ತದೆ, ಒಳಗಿನ ಬರಹ ವಿವರವಾಗುತ್ತದೆ. ಇದನ್ನು ತಿಳಿದ ದಿನ ಖುಷಿಯಾಗಿ, ನಮಗೆ ಬರುವ ಮೇಲ್‌ಗಳೆಲ್ಲ ನೇರ ಅಲ್ಲಿಗೆ ಹೋಗುವಂತೆ ಮಾಡಿಬಿಟ್ಟೆವು.

ಒಂದೇ ವಾರದಲ್ಲಿ ಒಂದು ಪುಸ್ತಕಕ್ಕೆ ಹನ್ನೊಂದು ಕಾರ್ಡುಗಳಾದವು! ನೀವು ಉತ್ತರ ಬರೆದಾಗಲೆಲ್ಲ ಹೊಸ ಕಾರ್ಡು ಹುಟ್ಟುತ್ತಿತ್ತು. ತಪ್ಪು ತಂತ್ರಾಂಶದ್ದಲ್ಲ, ಅರ್ಧ ಓದಿ ಹೊರಟ ನಮ್ಮದು. ಹಲಗೆಯ ವಿಳಾಸ ಬೇರೆ, ಪ್ರತಿ ಕಾರ್ಡಿನ ವಿಳಾಸ ಬೇರೆ. ಕಾರ್ಡಿನ ವಿಳಾಸಕ್ಕೆ ಹೋದ ಮೇಲ್ ಅದೇ ಕಾರ್ಡಿನ ಕೆಳಗೆ ಟಿಪ್ಪಣಿಯಾಗಿ ಸೇರುತ್ತದೆ.

ಈಗಿನ ಕ್ರಮ ಹೀಗಿದೆ. ನಿಮ್ಮ ಮೊದಲ ಮೇಲ್ ಬಂದಾಗ ನಾವೇ ಓದಿ, ಜಾಬ್ ನಂಬರ್ ಕೊಟ್ಟು, ಕಾರ್ಡು ಮಾಡುತ್ತೇವೆ. ಅಲ್ಲಿಂದ ಮುಂದೆ ನಮ್ಮಿಂದ ಬರುವ ಮೇಲ್‌ನ ‘ಸಿಸಿ’ಯಲ್ಲಿ ಅಕ್ಷರ, ಅಂಕಿ ಬೆರೆತ ಉದ್ದನೆಯ ವಿಳಾಸವೊಂದು ಕಾಣುತ್ತದೆ. ನೋಡಿ ಗಾಬರಿಯಾಗಬೇಡಿ, ಅದು ನಿಮ್ಮ ಕಾರ್ಡಿನ ವಿಳಾಸ. ‘ರಿಪ್ಲೈ ಆಲ್’ ಒತ್ತಿದರೆ ನಿಮ್ಮ ತಿದ್ದುಪಡಿ ಸೇರಬೇಕಾದ ಜಾಗಕ್ಕೆ ತಾನಾಗಿ ಸೇರುತ್ತದೆ. ಬರೀ ‘ರಿಪ್ಲೈ’ ಒತ್ತಿದರೆ ನಮಗೇನೋ ತಲುಪುತ್ತದೆ, ಹಲಗೆಗೆ ತಲುಪುವುದಿಲ್ಲ. ಆ ವಿಳಾಸವನ್ನು ಬೇರೆಯವರಿಗೆ ಕೊಡಬೇಡಿ, ಒಂದು ಪುಸ್ತಕದ್ದನ್ನು ಇನ್ನೊಂದಕ್ಕೆ ಬಳಸಬೇಡಿ. ಹಲಗೆಯನ್ನು ನೋಡುವವರು ಕಚೇರಿಯ ಮೂವರು ಮಾತ್ರ, ನಿಮ್ಮ ಹಸ್ತಪ್ರತಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಇ-ಮೇಲ್ ವಿಳಾಸ ಮಾತ್ರ ಹಳೆಯದೇ. 2014ರ ನವೆಂಬರ್ 1ರಂದು ಊರು ಕಲಬುರಗಿಯಾಯಿತು, ರಬ್ಬರ್ ಸ್ಟಾಂಪು, ಬಿಲ್ ಬುಕ್ಕು ಎಲ್ಲ ಬದಲಾದವು, ಮೇಲ್ ವಿಳಾಸದಲ್ಲಿ ಇನ್ನೂ ಗುಲಬರ್ಗಾ ಕೂತಿದೆ. ಕೂತಿರಲಿ.

‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡುವವರಿಗೆ ಒಂದು ಮಾತು. ಹಳೆಯ ನುಡಿ ಫಾಂಟಿನ ಸಾಲನ್ನು ನಕಲು ಮಾಡಿ ಮೇಲ್‌ಗೆ ಅಂಟಿಸಿದರೆ ನಮಗೆ ಕಾಣುವುದು ಕನ್ನಡವಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಕಾರ್ಡಿನ ಟಿಪ್ಪಣಿಯೂ ಹಾಗೆಯೇ ಆಗಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಮೇಲ್‌ನ ಬರಹ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿರಲಿ, ಮೊಬೈಲ್‌ನಲ್ಲಿ ಬರೆದರೆ ಅದು ಯೂನಿಕೋಡೇ ಆಗಿರುತ್ತದೆ. ಹಸ್ತಪ್ರತಿಯ ಕಡತ ನುಡಿಯಲ್ಲೇ ಇರಲಿ, ಅದನ್ನು ಪರಿವರ್ತಿಸುವುದು ನಮ್ಮ ಕೆಲಸ.

ಕಾರ್ಡಿನ ಮೇಲಿನ ತಾರೀಖುಗಳು ನಮ್ಮ ಗೂಗಲ್ ಕ್ಯಾಲೆಂಡರ್‌ಗೂ ಹೋಗುತ್ತವೆ, ಆದರೆ ನಿಧಾನವಾಗಿ. ಇವತ್ತಿನ ಬದಲಾವಣೆ ಕೆಲವೊಮ್ಮೆ ನಾಳೆ ಕಾಣುತ್ತದೆ. ಬಿಡುಗಡೆ ಸಮಾರಂಭ ಹಿಂದುಮುಂದಾದರೆ ಮೇಲ್ ಬರೆದು ನೆಮ್ಮದಿಯಾಗಿ ಕೂರಬೇಡಿ, ಫೋನ್ ಮಾಡಿ.

ವಾಟ್ಸ್ಆ್ಯಪ್ ಬಂದ್ ಆಗುವುದಿಲ್ಲ. ಫೋಟೋಗಳನ್ನು ಮಾತ್ರ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲವಾದರೆ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ, ಅಚ್ಚಿನಲ್ಲಿ ಮುಖ ಮಸುಕಾಗುತ್ತದೆ. ಅಚ್ಚಿಗೆ ಒಪ್ಪಿಗೆಯನ್ನು ಇನ್ನು ವಾಟ್ಸ್ಆ್ಯಪ್‌ನಲ್ಲಿ ತೆಗೆದುಕೊಳ್ಳುವುದಿಲ್ಲ. ಹೆಬ್ಬೆರಳಿನ ಚಿತ್ರ ಒಪ್ಪಿಗೆಯೋ, ‘ನೋಡಿದ್ದೇನೆ’ ಎಂಬ ಸೂಚನೆಯೋ ಎಂದು ಎರಡು ಸಲ ಜಗಳವಾಗಿದೆ. ಮೇಲ್‌ನಲ್ಲಿ ‘ಅಚ್ಚು ಮಾಡಿ’ ಎಂಬ ಎರಡು ಪದ ಸಾಕು.

ಇ-ಮೇಲ್ ಗೊಡವೆಯೇ ಬೇಡ ಎನ್ನುವವರು ಮೊದಲಿನಂತೆ ಪ್ರೂಫ್ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿ ಅಂಗಡಿಗೆ ಬನ್ನಿ. ನಿಮ್ಮೆದುರೇ ಹಾಳೆಯ ಫೋಟೋ ತೆಗೆದು ಕಾರ್ಡಿಗೆ ಸೇರಿಸುತ್ತೇವೆ, ನೀವು ಒಮ್ಮೆ ನೋಡಿ ಹೋಗಿ. ಕೆಂಪು ರಟ್ಟಿನ ರಿಜಿಸ್ಟರನ್ನೂ ಇನ್ನು ಆರು ತಿಂಗಳು ಜೊತೆಯಲ್ಲೇ ಬರೆಯುತ್ತೇವೆ.

ನಿಮ್ಮ ವಿಶ್ವಾಸಿ,
ಮುದ್ರಣಾಲಯದ ಮಾಲೀಕ, ಕಲಬುರಗಿ