ಈ ಗುಂಪಿನಲ್ಲಿ ಕವಿತೆ ಹಾಕುವವರ ಗಮನಕ್ಕೆ

ಕವಿತೆಯನ್ನು ಫೋಟೋ ತೆಗೆದು ಹಾಕಬೇಡಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ (ಎಲ್ಲ ಫೋನು, ಕಂಪ್ಯೂಟರ್ ಓದಬಲ್ಲ ಅಕ್ಷರ ಪದ್ಧತಿ) ಟೈಪ್ ಮಾಡಿ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲಿನಿಂದ ನೇರ ಕಾಪಿ ಮಾಡಿದರೆ ಇಲ್ಲಿ ಬರುವುದು ಕನ್ನಡವಲ್ಲ, ಬರೀ ಚಿತ್ರವಿಚಿತ್ರ ಚಿಹ್ನೆ. ಮೊದಲು ಕನ್ವರ್ಟರ್‌ನಲ್ಲಿ ಬದಲಿಸಿಕೊಳ್ಳಿ. ಕವಿಯ ಹೆಸರು ಅದೇ ಮೆಸೇಜಿನ ಕೊನೆಯ ಸಾಲಿನಲ್ಲಿರಲಿ. ಬೇರೆ ಮೆಸೇಜಿನಲ್ಲಿ ಹಾಕಿದರೆ ಫಾರ್ವರ್ಡ್ ಆಗುವಾಗ ಉದುರಿಹೋಗುತ್ತದೆ.

ಇನ್ನು, ‘ಖಾರವಾಗಿ ಬರೆದರೆ ಕೇಸ್ ಬೀಳುತ್ತಾ?’ ಅಂತ ಕೇಳುವವರಿಗೆ: ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹವಾಗಿ ಬರೆದರೆ ಶಿಕ್ಷೆ ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಸಂಸದ ಇಮ್ರಾನ್ ಪ್ರತಾಪ್‌ಗಢಿ ಕವಿತೆಯೊಂದರ ವಿಡಿಯೊ ಹಾಕಿದ್ದಕ್ಕೆ ಗುಜರಾತಿನಲ್ಲಿ ದಾಖಲಾಗಿದ್ದ ಎಫ್‌ಐಆರ್ ಕೂಡ 2025ರ ಮಾರ್ಚ್ 28ರಂದು ರದ್ದಾಯಿತು. ಮಾತು, ಬರಹದ ಮೇಲಿನ ಇಂಥ ದೂರುಗಳಲ್ಲಿ ಶಿಕ್ಷೆ 3ರಿಂದ 7 ವರ್ಷದೊಳಗಿನದಾದರೆ, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 173(3)ರಡಿ ಮೊದಲು ಪ್ರಾಥಮಿಕ ವಿಚಾರಣೆ ನಡೆಸುವುದೇ ಸೂಕ್ತ ಎಂದಿತು ಕೋರ್ಟ್. ಅದಕ್ಕಿರುವ ಗಡುವು 14 ದಿನ. ಹೆಸರು ಹಿಡಿದು ಸುಳ್ಳು ಆರೋಪ ಹೊರಿಸಿದರೆ ಮಾತ್ರ ಮಾನನಷ್ಟದ ಕೇಸು ತಪ್ಪಿದ್ದಲ್ಲ, ಪ್ರಾಸ ಎಷ್ಟೇ ಚೆನ್ನಾಗಿರಲಿ.