ಪಂಪ್ಡ್ ಸ್ಟೋರೇಜ್: ನೀರಿನ ಲೆಕ್ಕವನ್ನೂ ಹೇಳಿ

ಮಾನ್ಯ ಸಂಪಾದಕರೇ,

ಮುಂಗಾರಿನ ಗಾಳಿಗೆ ಗದಗ ಸೀಮೆಯ ಗಾಳಿಯಂತ್ರಗಳು ರಾತ್ರಿಯೂ ತಿರುಗುತ್ತವೆ. ಆ ಹೊತ್ತಿಗೆ ಬೇಡಿಕೆ ಕಡಿಮೆ. ಆ ಕರೆಂಟಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಏರಿಸಿ, ಬೇಕಾದಾಗ ಟರ್ಬೈನಿಗೆ ಇಳಿಸುವುದೇ ಪಂಪ್ಡ್ ಸ್ಟೋರೇಜ್. ಇದು ಹೊಸ ವಿದ್ಯುತ್ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಕೂಡಿಡುತ್ತದೆ. 100 ಯೂನಿಟ್ ಹಾಕಿದರೆ ಮರಳುವುದು 75ರಿಂದ 80.

ಎತ್ತರವೇ ಇದರ ಬಂಡವಾಳ. 400 ಮೀಟರ್ ಇಳಿಯುವ ಸಾವಿರ ಲೀಟರ್ ನೀರು ಸುಮಾರು ಒಂದು ಯೂನಿಟ್ ಕೊಡುತ್ತದೆ. 100 ಮೀಟರ್ ಮಾತ್ರ ಇದ್ದರೆ ಅದಕ್ಕೇ ನಾಲ್ಕು ಸಾವಿರ ಲೀಟರ್ ಬೇಕು. 2022ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ನಾನ್ ದ ದ್ರಾನ್ಸ್ ಸ್ಥಾವರ 900 ಮೆಗಾವಾಟ್ ಕೊಡುವುದು ಆಲ್ಪ್ಸ್ ಪರ್ವತದ ಎತ್ತರದ ಬಲದಿಂದ.

ನೀರೇರಿಸುವ ಯಂತ್ರವನ್ನು ಕೆಳಗಿನ ಜಲಾಶಯದ ನೀರಮಟ್ಟಕ್ಕಿಂತ ಸಾಕಷ್ಟು ಆಳದಲ್ಲಿ ಕೂರಿಸಬೇಕು. ಇಲ್ಲದಿದ್ದರೆ ಹೀರುವ ಬದಿಯಲ್ಲಿ ಒತ್ತಡ ಕುಸಿದು ಆವಿಗುಳ್ಳೆಗಳು ಏಳುತ್ತವೆ. ಅವು ಒಡೆದ ಹೊಡೆತಕ್ಕೆ ಚಕ್ರದ ಉಕ್ಕು ಕಿತ್ತುಬರುತ್ತದೆ. ಬಾವಿ ನೀರಿಗಿಂತ ಬಹಳ ಮೇಲೆ ಪಂಪ್‌ಸೆಟ್ ಇಟ್ಟರೆ ನೀರು ಎತ್ತದೆ ಸತಾಯಿಸುವುದನ್ನು ನಮ್ಮ ರೈತರು ಬಲ್ಲರು.

ಬಯಲುಸೀಮೆಯಲ್ಲಿ ನಮಗೆ ದೊಡ್ಡ ಚಿಂತೆ ಬೇಸಿಗೆಯದು. ಮೊದಲ ಸಲ ತುಂಬಿಸಿದರೆ ಮುಗಿಯಲಿಲ್ಲ, ಆವಿಯಾದಷ್ಟನ್ನು ಪ್ರತಿ ವರ್ಷ ತುಂಬಬೇಕು. ಆದ್ದರಿಂದ ಇಂಥ ಯೋಜನೆಗಳ ಅಹವಾಲು ಸಭೆಯಲ್ಲಿ ಮೆಗಾವಾಟ್ ಒಂದನ್ನೇ ಹೇಳದೆ, ಸ್ಥಾವರ ಎಷ್ಟು ತಾಸು ನಡೆಯುತ್ತದೆ, ಎಷ್ಟು ನೀರು ಬೇಕು, ಅದು ಮಲಪ್ರಭೆಯದೋ ತುಂಗಭದ್ರೆಯದೋ ಎಂಬುದನ್ನು ಕನ್ನಡದಲ್ಲಿ ಅಚ್ಚುಮಾಡಿ ಹಂಚಬೇಕು.

– ಕೆಲವು ವಿದ್ಯುತ್ ಎಂಜಿನಿಯರುಗಳು, ಗದಗ